ಊರಿನ ಗಂಡಸರಿಗೆಲ್ಲ ಗಾಡಿ ತಪ್ಪಿದ ಸಂಜೆ

ಎಪ್ಪತ್ತರ ದಶಕದ ಆ ದಿನಗಳಲ್ಲಿ ನಮ್ಮ ಅಣ್ಣಿಗೇರಿ ಮುಂಜಾನೆ ಅರ್ಧ ಖಾಲಿಯಾಗಿ ಸಂಜೆಗೆ ಮತ್ತೆ ತುಂಬಿಕೊಳ್ಳುತ್ತಿದ್ದ ಊರು. ಹುಬ್ಬಳ್ಳಿಯ ಕಚೇರಿ, ಗಿರಣಿ, ಅಂಗಡಿಗಳಲ್ಲಿ ದುಡಿಯುವವರೆಲ್ಲ ಬೆಳಗಿನ ರೈಲುಗಾಡಿಗೆ ಹೋಗಿ ಸಂಜೆಯ ಗಾಡಿಗೆ ಬರುತ್ತಿದ್ದರು. ತಿಂಗಳ ಪಾಸು ತೆಗೆಸುತ್ತಿದ್ದ ಅವರಿಗೆ ಊರಲ್ಲಿ ‘ಪಾಸಿನವರು’ ಅಂತಲೇ ಹೆಸರು. ಹಿಂದೆ ಇಲ್ಲಿ ರಾಜರಿದ್ದರು, ದೊಡ್ಡ ಪಟ್ಟಣವಿತ್ತು ಎಂದು ಸಾಲಿಯ ಮಾಸ್ತರರು ಕಲ್ಲಿನ ಗುಡಿಯತ್ತ ಕೈ ಮಾಡಿ ಹೇಳುತ್ತಿದ್ದರು. ನಮಗೆ ಆ ರಾಜರ ಮೇಲೆ ಅಂಥ ಗೌರವವೇನೂ ಇರಲಿಲ್ಲ. ನಮ್ಮ ಊರನ್ನು ಆಳುತ್ತಿದ್ದುದು ಗಾಡಿ. ಸಂಜೆ ದೂರದಲ್ಲಿ ಕಲ್ಲಿದ್ದಲಿನ ಹೊಗೆ ಕಂಡರೆ ಸಾಕು, ಓಣಿಯ ಅವ್ವಂದಿರೆಲ್ಲ ಒಲೆಯ ಮೇಲೆ ಹಂಚು ಇಡುವರು, ರೊಟ್ಟಿ ಬಡಿಯುವ ಸಪ್ಪಳ ಮನೆಯಿಂದ ಮನೆಗೆ ಹಬ್ಬುವುದು. ಹುಡುಗರು ಹುಡುಗಿಯರು ಆಟ ಬಿಟ್ಟು ಟೇಶನ್ನಿಗೆ ಓಡುತ್ತಿದ್ದೆವು. ಯಾರದಾದರೂ ಚೀಲದಲ್ಲಿ ಹುಬ್ಬಳ್ಳಿಯ ಬನ್ನು ಇದ್ದೇ ಇರುತ್ತಿತ್ತು. ಜ್ವರ ಬಾರದೆಯೂ ಬನ್ನು ತಿನ್ನುವ ಸುಖವೇ ಬೇರೆ.

ಪಾಸಿನವರದೊಂದು ಕಾಯಿದೆ ಇತ್ತು. ಒಬ್ಬರನ್ನು ಬಿಟ್ಟು ಒಬ್ಬರು ಹೋಗುವಂತಿಲ್ಲ. ಯಾರಾದರೂ ತಡಮಾಡಿದರೆ ಉಳಿದವರು ಡಬ್ಬಿಯ ಬಾಗಿಲಲ್ಲಿ ನಿಂತು, ಗಾಡಿ ಬಿಡಲು ಬಂದ ಗಾರ್ಡನಿಗೆ ಮನೆಮಂದಿಯ ಕ್ಷೇಮಸಮಾಚಾರ ಕೇಳುತ್ತ ಹೊತ್ತು ಕಳೆಯುವರು. ಆ ಗಾರ್ಡನ ಹೆಂಡತಿಯ ಮೊಣಕಾಲು ನೋವಿನ ಸಂಗತಿ ಅಣ್ಣಿಗೇರಿಗೆಲ್ಲ ಗೊತ್ತಿತ್ತು.

ಆ ವರ್ಷ ನನ್ನ ಅಕ್ಕ ಗಿರಿಜಾ ಮ್ಯಾಟ್ರಿಕ್ ಪಾಸಾದಳು. ನಾನಾಗ ಒಂಬತ್ತೋ ಹತ್ತೋ ವರ್ಷದ ಹುಡುಗಿ. ಅಕ್ಕನಿಗೆ ವಿಜ್ಞಾನ ಓದುವ ಆಸೆ, ಅದಕ್ಕೆ ಹುಬ್ಬಳ್ಳಿಯ ಕಾಲೇಜಿಗೇ ಹೋಗಬೇಕು. ನಮ್ಮ ಓಣಿಯ ಯಾವ ಹುಡುಗಿಯೂ ಅಲ್ಲಿಯವರೆಗೆ ದಿನಾ ಗಾಡಿ ಹತ್ತಿದವಳಲ್ಲ. ಕಾಳಿನ ಅಡತಿ ಅಂಗಡಿ ನಡೆಸುತ್ತಿದ್ದ ಅಪ್ಪನಿಗೆ ಮನಸ್ಸಿತ್ತು. ಆದರೆ ತನ್ನ ತಾಯಿಯ ಮುಂದೆ ಅವನಿಗೆ ಬಾಯಿರಲಿಲ್ಲ. ಆ ತಾಯಿಯೇ ನಮ್ಮ ಆಯಿ. ಪಡಸಾಲೆಯಲ್ಲಿ ಕೂತಲ್ಲಿಂದಲೇ ಇಡೀ ಮನೆಯನ್ನು ನಡುಗಿಸುವಾಕೆ.

“ಹೆಣ್ಣುಹುಡುಗಿ ದಿನಾ ಗಾಡ್ಯಾಗ ಓಡ್ಯಾಡಿದ್ರ ನಾಳೆ ಕನ್ಯಾ ನೋಡಾಕ ಯಾರ್ ಬರ್ತಾರ? ದಾರ್ಯಾಗ ಏನರ ಆದ್ರ ಯಾರನ್ನ ಕೇಳೂಣು?” ಎಂದಳು ಆಯಿ.

ಅಕ್ಕ ಊಟ ಬಿಟ್ಟಳು. ಅವ್ವ ಒಲೆಯ ಮುಂದೆ ಕಣ್ಣೀರು ಹಾಕಿದಳು. ಕೊನೆಗೆ ಬಾಜೂಮನೆಯ ವೆಂಕಪ್ಪ ಕಾಕಾ ಬಂದರು. ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ಕಾರಕೂನರು, ಪಾಸಿನವರಿಗೆಲ್ಲ ಹಿರಿಯರು.

“ಆಯಿ, ಹುಡುಗಿ ಒಬ್ಬಾಕೀನ ಹೊಕ್ಕಾಳ ಅಂತ ತಿಳೀಬ್ಯಾಡ್ರಿ. ಡಬ್ಬಿ ತುಂಬ ಆಕೀ ಕಾಕಾಗೋಳ ಇರ್ತೀವ್ರಿ. ಸಂಜಿಗೆ ನಿಮ್ಮ ಹೊಸ್ತಲಾ ದಾಟಸೂದು ನನ್ನ ಜಿಮ್ಮೇದಾರಿ.”

ಆಯಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದಳು. “ಆತು. ಆದ್ರ ಒಂದಿನಾ ನೀವು ಕರಕೊಂಡ್ ಬರಲಿಲ್ಲಂದ್ರ, ಮರುದಿನದಿಂದ ಕಾಲೇಜು ಬಂದ್. ಮತ್ತ ನನ್ನ ಮುಂದ ಯಾರೂ ಮಾತಾಡಬ್ಯಾಡ್ರಿ.”

ಹೀಗೆ ಅಕ್ಕ ಗಾಡಿ ಹತ್ತಿದಳು. ಸಂಜೆ ಹುಬ್ಬಳ್ಳಿ ಟೇಶನ್ನಿನ ಚಹಾದಂಗಡಿಯ ಮುಂದೆ ನಿಲ್ಲಬೇಕು, ಕಾಕಾ ಬಂದು ಡಬ್ಬಿಗೆ ಹತ್ತಿಸಿಕೊಳ್ಳಬೇಕು, ಇದು ಕರಾರು. ಮನೆಗೆ ಬಂದಾಗ ಅವಳ ಜಡೆ ಕಲ್ಲಿದ್ದಲಿನ ಹೊಗೆ ನಾರುತ್ತಿತ್ತು, ಕಣ್ಣಲ್ಲಿ ಕಸ ಬಿದ್ದು ಕೆಂಪಾಗಿರುತ್ತಿತ್ತು, ಮುಖ ಮಾತ್ರ ಅಗದಿ ಅರಳಿರುತ್ತಿತ್ತು. ಕಪ್ಪೆ ಕೊಯ್ದು ಎದೆಯೊಳಗೆ ನೋಡಿದ್ದನ್ನು ಊಟದ ಹೊತ್ತಿಗೇ ಹೇಳುವಳು. “ಥೂ, ಉಣ್ಣೂವಾಗ ಏನ್ ಮಾತಲೇ ಅದು” ಎಂದು ಬೈದ ಆಯಿಯೇ ತುಸು ಹೊತ್ತಿಗೆ, “ಸತ್ತ ಮ್ಯಾಲೂ ಎದಿ ಬಡಕೋತಿತ್ತಾ?” ಎಂದು ಕೇಳುತ್ತಿದ್ದಳು. ನಾಗರಪಂಚಮಿಗೆ ಅವ್ವ ಕಟ್ಟಿದ ಶೇಂಗಾ ಉಂಡಿ, ಎಳ್ಳುಂಡಿ ಎಲ್ಲವೂ ಅಕ್ಕನ ಬುತ್ತಿಡಬ್ಬಿಯಲ್ಲಿ ಕೂತು ಪಾಸಿನವರ ಹೊಟ್ಟೆ ಸೇರಿದವು. ಜೋಕಾಲಿ ಜೀಕಿ ಹಸಿದು ಬಂದರೆ ನನಗೆ ಉಳಿದಿದ್ದು ಜೋಳದ ಅರಳು ಬೀಸಿದ ಬರೀ ಅಳ್ಳಿಟ್ಟು. ಆ ಸಿಟ್ಟು ನನಗೆ ಈಗಲೂ ಇದೆ.

ಪಂಚಮಿ ಮುಗಿದ ಮೇಲೆ ಒಂದು ಸಂಜೆ, ಎಂದಿನಂತೆ ಟೇಶನ್ನಿನಲ್ಲಿ ನಿಂತಿದ್ದೆವು. ಗಾಡಿ ಬಂತು. ಪಾಸಿನವರ ಡಬ್ಬಿಯಿಂದ ಒಬ್ಬರೂ ಇಳಿಯಲಿಲ್ಲ. ಹಿಂದಿನ ಹೆಂಗಸರ ಡಬ್ಬಿಯಿಂದ ಬೆಣ್ಣೆ ಮಾರಲು ಹೋಗಿದ್ದ ಫಕೀರವ್ವ ಇಳಿದಳು, ಅವಳ ಹಿಂದೆ ಖಾಲಿ ಬುಟ್ಟಿ ಹಿಡಿದುಕೊಂಡು ನಮ್ಮಕ್ಕ. ಹುಬ್ಬಳ್ಳಿಯಲ್ಲಿ ಫಕೀರವ್ವನಿಗೆ ಬುಟ್ಟಿ ಎತ್ತಿಕೊಡಲು ಹೋದವಳು, ಹಿಂದಿನವರು ನೂಕಿದ್ದಕ್ಕೆ ಒಳಗೇ ಸಿಕ್ಕಿಬಿದ್ದಿದ್ದಳು. ಕಾಕಾ ಅವರೆಲ್ಲ ಮುಂದಿನ ಡಬ್ಬಿಯಲ್ಲಿ ಇದ್ದೇ ಇರುತ್ತಾರೆ ಎಂದು ನಿಶ್ಚಿಂತೆಯಿಂದ ಕೂತು ಬಂದಿದ್ದಳು.

“ನಿಮ್ಮ ಮಂದಿ ಅಲ್ಲೇ ಉಳದ್ರವ್ವಾ,” ಎಂದ ಗಾರ್ಡ. “ಯಾವದೋ ಹುಡುಗಿನ್ನ ಹುಡುಕಾಕ್ಹತ್ತಿದ್ರು. ನಾನರ ಎಷ್ಟೊತ್ತು ಗಾಡಿ ನಿಲ್ಲಸ್ಲಿ?”

ಅಕ್ಕ ಬುಟ್ಟಿಯನ್ನು ಫಕೀರವ್ವನ ಕೈಗೆ ಕೊಟ್ಟು ಮನೆಯ ಕಡೆ ಹೊರಟಳು. ದಾರಿಯುದ್ದಕ್ಕೂ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಿದ್ದಳು. “ಮುಗೀತಲೇ ನನ್ನ ಕಾಲೇಜು” ಎಂದಳು ಒಂದೇ ಸಲ.

ಮನೆಯಲ್ಲಿ ಆಯಿ, “ವೆಂಕಪ್ಪ ಎಲ್ಲಿ?” ಎಂದು ಕೇಳಿದಳು. ಅಕ್ಕ ಇದ್ದದ್ದು ಇದ್ದಂತೆ ಹೇಳಿದಳು. ಅಷ್ಟರಲ್ಲಿ ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಗೆ ಬಂದು ಕೂತರು. ಎಲ್ಲರ ಮನೆಯಲ್ಲೂ ರೊಟ್ಟಿ ತಣ್ಣಗಾಗಿತ್ತು, ಯಾರ ಗಂಡನೂ ಬಂದಿರಲಿಲ್ಲ. ಅವರ ನಡುವೆ ಅಕ್ಕ ತಾನೇ ಎಲ್ಲರನ್ನೂ ಎಲ್ಲೋ ಬಚ್ಚಿಟ್ಟು ಬಂದವಳಂತೆ ತಲೆ ತಗ್ಗಿಸಿ ನಿಂತಿದ್ದಳು.

ದೀಪ ಹಚ್ಚಿ ಸ್ವಲ್ಪ ಹೊತ್ತಾಗಿರಬೇಕು, ಓಣಿಯ ತುದಿಯಲ್ಲಿ ಒಂದು ಲಾರಿ ನಿಂತಿತು. ದನಕ್ಕೆ ಹಾಕುವ ಹಿಂಡಿಯ ಚೀಲಗಳ ಮೇಲಿಂದ ಪಾಸಿನವರೆಲ್ಲ ಒಬ್ಬೊಬ್ಬರಾಗಿ ಇಳಿದರು. ಮೈತುಂಬ ಹಿಂಡಿಯ ವಾಸನೆ. ವೆಂಕಪ್ಪ ಕಾಕಾ ನಮ್ಮ ಹೊಸ್ತಿಲಿಗೆ ಬಂದವರೇ ಟೊಪ್ಪಿಗೆ ತೆಗೆದು ಕುಸಿದು ಕೂತರು.

“ಆಯಿ, ನನ್ನ ಕಡೆಯಿಂದ ತಪ್ಪಾತ್ರಿ. ಹುಡುಗಿ ಸಿಗಲಿಲ್ರಿ. ಟೇಶನ್ ಎಲ್ಲಾ ನೋಡಿದ್ವಿ, ಕಾಲೇಜಿಗೂ ಹೋಗಿ ಬಂದ್ವಿ. ನಿಮಗ ಹೇಳಿ ಮತ್ತ ಹೊಳ್ಳಿ ಹೊಂಟೀವ್ರಿ, ಸಿಗೂತನಾ ಹುಡುಕ್ತೀವಿ.”

ಅಕ್ಕ ತಂಬಿಗೆಯಲ್ಲಿ ನೀರು ತಂದು ಮುಂದೆ ಹಿಡಿದಳು. ಕಾಕಾ ಗಟಗಟನೆ ಅರ್ಧ ತಂಬಿಗೆ ಕುಡಿದು, ಆಮೇಲೆ ನೀರು ಕೊಟ್ಟವರು ಯಾರೆಂದು ನೋಡಿದರು. ನೋಡಿದವರೇ ತಂಬಿಗೆ ಕೆಳಗಿಟ್ಟು ಸಣ್ಣ ಹುಡುಗರಂತೆ ಅತ್ತುಬಿಟ್ಟರು. ಅಕ್ಕನೂ ಅತ್ತಳು. ನಗಬೇಕೆಂದು ಬಾಯಿ ತೆರೆದ ಹೆಂಗಸರೂ ಕಣ್ಣೊರೆಸಿಕೊಂಡರು. ಎಲ್ಲರೂ ಈಗ ಆಯಿಯತ್ತ ನೋಡುತ್ತಿದ್ದರು.

“ಅಲ್ಲೋ ವೆಂಕಪ್ಪಾ,” ಎಂದಳು ಆಯಿ, “ಹುಡುಕಾಕ ಒಬ್ರೋ ಇಬ್ರೋ ನಿಂತಿದ್ರ ಸಾಕಾಗ್ತಿತ್ತು. ಎಲ್ಲಾರೂ ಯಾಕ ಗಾಡಿ ಬಿಟ್ರಿ?”

“ಹೆಂಗ ಹತ್ತೂದ್ರಿ, ಹುಡುಗೀನ ಇಲ್ದ? ಯಾರಿಗೂ ಕಾಲ ಬರಲಿಲ್ರಿ.”

ಆಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಅಕ್ಕನ ಕಡೆ ತಿರುಗಿದಳು.

“ಗಿರಿಜಾ, ನಾಳಿಂದ ಇವರನ್ನೆಲ್ಲಾ ಕರಕೊಂಡ್ ಬರೂ ಜಿಮ್ಮೇದಾರಿ ನಿಂದು. ಒಬ್ರನ್ನರ ಬಿಟ್ಟು ಬಂದಿ ಅಂದ್ರ ನೋಡ್ ಮತ್ತ.”

ಮರುವರ್ಷ ನಮ್ಮ ಓಣಿಯ ಇನ್ನೂ ಕೆಲವು ಹುಡುಗಿಯರು ಪಾಸು ತೆಗೆಸಿದರು. ಮುಂದೆ ನನ್ನ ಸರದಿ ಬಂದಾಗ ಆಯಿ ಕರಾರಿನ ಮಾತೇ ಎತ್ತಲಿಲ್ಲ. ಈಗ ಹೊತ್ತು ಹೊತ್ತಿಗೆ ಬಸ್ಸುಗಳಿವೆ, ಗಾಡಿಗಳಿವೆ, ಅವುಗಳ ತುಂಬ ಹುಡುಗಿಯರೇ. ಅವರು ಯಾರ ಅಪ್ಪಣೆಗೂ ಕಾಯುವುದಿಲ್ಲ, ಅದನ್ನು ನೋಡಿದರೆ ನನಗೆ ಹೊಟ್ಟೆ ತಂಪಾಗುತ್ತದೆ. ಆದರೆ ಒಬ್ಬರು ಹಿಂದುಳಿದರೆಂದು ಉಳಿದವರು ಈಗ ತಿರುಗಿಯೂ ನೋಡುವುದಿಲ್ಲ. ಬಾಜೂ ಸೀಟಿನವರು ಯಾವ ಓಣಿಯವರೆಂದು ಕೇಳುವವರಿಲ್ಲ.

ಅಕ್ಕ ಕಲಿತು, ಗುರುತಿನವರು ಒಬ್ಬರೂ ಇಲ್ಲದ ದೂರದ ಊರುಗಳಲ್ಲಿ ಒಬ್ಬಳೇ ಇದ್ದು ನೌಕರಿ ಮಾಡಿದಳು. ಅಷ್ಟು ಧೈರ್ಯ ಎಲ್ಲಿಂದ ಬಂತು ಎಂದು ಮೊನ್ನೆ ಕೇಳಿದೆ. “ನನ್ನ ಸಲುವಾಗಿ ಇಡೀ ಊರ ಮಂದಿ ಗಾಡಿ ಬಿಟ್ಟಿದ್ರು,” ಎಂದಳು. “ಅದಾದ ಮ್ಯಾಲೆ ಎಲ್ಲಿಗೆ ಹೋಗಾಕೂ ನನಗ ಅಂಜಿಕಿ ಆಗಲೇ ಇಲ್ಲ ನೋಡ್.”