ಕಾಲುಪೆಟ್ಟಿಗೆ ಮತ್ತು ಮೇಲೂರಿನ ವೀಳ್ಯ

"ಇವಳು ಹಾರ್ಮೋನಿಯಂ ಬಾರಿಸಿ ಗಂಡಸರಿಗೆ ನಾಟಕ ಕಲಿಸ್ತಾಳಂತೆ" ಎಂದು ಮೊದಲು ನಕ್ಕವನು ನನ್ನ ಅಣ್ಣನೇ. ನಾಟಕದ ಪುಸ್ತಕಗಳಲ್ಲೇ ನಾನಾಗಿ ಅಕ್ಷರ ಕಲಿತೆ. ಊರೂರಿಗೆ ಹೋಗಿ ನಾಟಕ ಕಲಿಸಿ ಒಂದು ಕಾಲುಪೆಟ್ಟಿಗೆ ಕೊಂಡೆ. ಕಾಲಿನಲ್ಲಿ ಗಾಳಿ ಒತ್ತುತ್ತಾ ಎರಡೂ ಕೈಯಲ್ಲಿ ನುಡಿಸುವ ಹಾರ್ಮೋನಿಯಂ ಅದು. ಮಾಡುವವರು ಆ ಮಾದರಿಯಲ್ಲಿ ಕೆಲವನ್ನಷ್ಟೇ ಮಾಡಿ ನಿಲ್ಲಿಸಿಬಿಟ್ಟಿದ್ದರು.

ನಾಟಕ ಕಲಿಸಲು ಮೇಲೂರಿಗೆ ಕರೆಸಿದ ಪಟೇಲರ ಕಣ್ಣು ಅದರ ಮೇಲೆ ಬಿತ್ತು. ಮೊದಲ ದಿನ ತಟ್ಟೆಯಲ್ಲಿ ವೀಳ್ಯ ಚಾಚಿದರು. ನಾಟಕ ಕಲಿಸಲು ಒಪ್ಪಿದವರು ವೀಳ್ಯ ತೆಗೆದುಕೊಳ್ಳುವುದು ನಮ್ಮ ಕಡೆಯ ಪದ್ಧತಿ. ತೆಗೆದುಕೊಂಡೆ.

"ವೀಳ್ಯ ತಗೊಂಡ್ಮೇಲೆ ವ್ಯಾಪಾರ ಮುಗೀತು ಕಣಮ್ಮ. ನಿನ್ನ ಪೆಟ್ಟಿಗೆ ನಮ್ಮ ಅಳಿಯನಿಗೆ, ನಿನಗೊಂದು ಹೊಸ ಕೈಪೆಟ್ಟಿಗೆ. ಹೆಂಗಸರು ಎಲ್ಲರೆದುರು ಕಾಲು ಆಡಿಸ್ತಾ ಕೂತ್ರೆ ಚೆನ್ನಾಗಿರುತ್ತಾ?"

"ಪಟೇಲ್ರೇ, ನಾನು ವೀಳ್ಯ ತಗೊಂಡಿದ್ದು ನಾಟಕಕ್ಕೆ."

"ಹತ್ತು ಜನರ ಮುಂದೆ ತಗೊಂಡಿದೀಯ. ಇನ್ನು ಮಾತಿಲ್ಲ."

ಆ ಹತ್ತು ಜನರೂ ನೆಲ ನೋಡುತ್ತಿದ್ದರು. ನಾಟಕದಲ್ಲಿ ಭೀಮನಾಗಬೇಕಿದ್ದವನೂ ಅವರಲ್ಲಿದ್ದ. ವೀಳ್ಯ ಹಿಂದಿರುಗಿಸಿದರೆ ನಾಟಕ ಕೈತಪ್ಪುತ್ತದೆ, ಸುತ್ತಲಿನ ಊರವರೂ ಕರೆಯುವುದಿಲ್ಲ ಎಂಬುದು ಗೊತ್ತಿತ್ತು. ಗೊತ್ತಿದ್ದೇ ಅದನ್ನು ತಟ್ಟೆಗೆ ಕುಕ್ಕಿದೆ.

"ತಗೊಳ್ಳಿ ನಿಮ್ಮ ವೀಳ್ಯ. ಕಾಲೂ ನಂದೇ, ಪೆಟ್ಟಿಗೇನೂ ನಂದೇ."

ಆ ಕಡೆಯವರು ಮತ್ತೆ ಕರೆಯಲಿಲ್ಲ. ಈಗ ರೈಲು ಹತ್ತಿ ತೊಂಡೇಬಾವಿಗೆ ಹೋಗಿ ಕಲಿಸುತ್ತೇನೆ. ಪೆಟ್ಟಿಗೆ ನನ್ನ ಮನೆಯಲ್ಲೇ ಇದೆ. ಅದಕ್ಕೆ ನಾನು ತೆತ್ತದ್ದು ಮೇಲೂರು, ಸುತ್ತಲಿನ ಅಷ್ಟೂ ಊರು, ಜೊತೆಗೆ ಅಗಿಯದೇ ಬಿಟ್ಟ ಎರಡು ಎಲೆ, ಒಂದು ಅಡಿಕೆ.