ಹಲ್ಲಿ ಲೊಚಗುಟ್ಟಿದ ಮಧ್ಯಾಹ್ನ

ನಮ್ಮ ಮನೆಯಲ್ಲಿ ನನ್ನ ಗಂಟಲನ್ನು ಯಾರೂ ನಂಬುತ್ತಿರಲಿಲ್ಲ. ಹಳೇಬೀಡಿನ ದೇವಸ್ಥಾನದ ಮುಂದೆ ನಿಂತು ಬಿಳಿಯರಿಗೆ ಕಲ್ಲಿನ ಆನೆ ತೋರಿಸುವ ಗೈಡುಗಳ ಇಂಗ್ಲಿಷು, ಬೇಲೂರು ಬಸ್ಸಿನ ಕಂಡಕ್ಟರು ಮೂಗಿನಲ್ಲಿ ಎಳೆಯುವ 'ರೈಟ್', ಅಪ್ಪನ ಹತ್ತಿರ ಕೊಬ್ಬರಿ ವ್ಯಾಪಾರ ಮಾತಾಡಲು ಬಂದವರು ದರ ಹೇಳುವ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಸದ್ದು, ಎಲ್ಲ ನನ್ನ ಬಾಯಲ್ಲಿತ್ತು. ನನ್ನನ್ನೂ ನಾನು ಬಿಟ್ಟಿರಲಿಲ್ಲ. ಡಿಗ್ರಿ ಮುಗಿಸಿ ಮನೆಯಲ್ಲೇ ಕೂತಿದ್ದ ನನ್ನನ್ನು ನೆಂಟರು 'ಮುಂದೇನಪ್ಪಾ' ಎಂದು ಕೇಳಿದಾಗ ನಾನು ತಲೆ ತಗ್ಗಿಸಿ 'ನೋಡ್ಬೇಕು' ಅನ್ನುತ್ತಿದ್ದೆನಲ್ಲ, ಆ 'ನೋಡ್ಬೇಕು'ವನ್ನು ನಾನು ಮಾಡಿ ತೋರಿಸಿದಷ್ಟು ಚೆನ್ನಾಗಿ ಬೇರೆ ಯಾರೂ ಮಾಡಲಾರರು.

ಅಜ್ಜಿಗೆ ಮಾತ್ರ ಒಂದು ವಿಷಯದಲ್ಲಿ ನನ್ನ ಮೇಲೆ ನಿಜವಾದ ಸಿಟ್ಟಿತ್ತು. ಅದು ಹಲ್ಲಿ. ಯಾರಾದರೂ ಮಾತಾಡುವಾಗ ಗೋಡೆಯ ಮೇಲಿನ ಹಲ್ಲಿ ಲೊಚ್ ಎಂದರೆ ಆ ಮಾತು ನಿಜವಾಗುತ್ತದೆ ಎಂದು ಅಜ್ಜಿ ನಂಬಿದ್ದಳು. ಒಳ್ಳೆಯ ಮಾತಾಗಲಿ ಕೆಟ್ಟದ್ದಾಗಲಿ, ಕೂಡಲೇ ಬೆರಳಿನಿಂದ ನೆಲ ತಟ್ಟಿ 'ಶಿವ ಶಿವಾ' ಅನ್ನಬೇಕು. ನಾನು ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಅದೇ ಸದ್ದು ತೆಗೆಯುತ್ತಿದ್ದೆ. 'ಇವನಿಗೆ ಈ ವರ್ಷ ಕೆಲಸ ಸಿಗ್ತದೆ' ಎಂದು ಯಾರಾದರೂ ಅಂದರೆ ಲೊಚ್. ಅಜ್ಜಿ ಭಕ್ತಿಯಿಂದ ನೆಲ ತಟ್ಟಿ, ಆಮೇಲೆ ನನ್ನ ಮುಖ ನೋಡಿ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದಳು. ಎಸೆದ ಪೊರಕೆಯೂ ಸೌಟೂ ನನಗೆ ತಾಕಿದ್ದು ಕಡಿಮೆ.

ಆಗ ಅಕ್ಕ ತನ್ನ ಮಗಳ ಜೊತೆ ನಮ್ಮಲ್ಲೇ ಇದ್ದಳು. ಗೆಂಡೆಹಳ್ಳಿಯ ಶಾಲೆಯಲ್ಲಿ ಟೀಚರು. ಬೆಳಗ್ಗೆ ಹೊರಟರೆ ಎರಡು ಬಸ್ಸು ಬದಲಾಯಿಸಿ ಸಂಜೆ ಬರುತ್ತಿದ್ದಳು. ಭಾವ ಅರಸೀಕೆರೆಯಲ್ಲಿ ಕೆಲಸದಲ್ಲಿದ್ದು ಭಾನುವಾರ ಬಂದು ಹೋಗುತ್ತಿದ್ದರು. ಮಗುವಿಗೆ ಒಂದೂವರೆ ವರ್ಷ. ಅದರ ಅಳು ನನಗೆ ಬಾಯಿಪಾಠವಾಗಿತ್ತು. ಮೊದಲು ಉಸಿರು ಹಿಡಿಯುತ್ತದೆ. ಕೆಳತುಟಿ ಹೊರಗೆ ಬರುತ್ತದೆ. ಒಂದು ಕ್ಷಣ ಸದ್ದೇ ಇಲ್ಲ, ಮನೆಯವರೆಲ್ಲ ಕಾಯುತ್ತಾರೆ. ಆಮೇಲೆ 'ಆಂ' ಎಂದು ಮೇಲೇರಿ, ನಡುವೆ ಮುರಿದು, ಕೊನೆಗೆ ಬಾಗಿಲ ಕೀಲಿನ ಹಾಗೆ ಒಂದು ಎಳೆತ. ನಾನು ಇದನ್ನು ಅದರ ಮುಂದೆಯೇ ಮಾಡಿದರೆ ಅದು ಅಳು ನಿಲ್ಲಿಸಿ, ತನ್ನ ಸಾಮಾನು ಕದ್ದವನನ್ನು ನೋಡುವ ಹಾಗೆ ನೋಡಿ, ನನ್ನ ಕೆನ್ನೆಗೆ ಹೊಡೆಯುತ್ತಿತ್ತು.

"ಕೂಸಿನ ಅಳು ಅಣಕಿಸಬ್ಯಾಡ ಕಣೋ," ಎಂದು ಅಜ್ಜಿ ಹೇಳುತ್ತಲೇ ಇದ್ದಳು. "ಇಸ್ಕೊಂಡ ಅಳೂನ ವಾಪಸ್ ಕೊಡಕಾಗಕಿಲ್ಲ."

ಆ ಬೇಸಿಗೆಯಲ್ಲಿ ಒಂದು ಸಂಜೆ ಮಗುವಿಗೆ ಮೈ ಬೆಚ್ಚಗಾಯಿತು. ಮರುದಿನ ಬೆಳಗ್ಗೆ ಕುಡಿದ ಹಾಲೆಲ್ಲ ಅಕ್ಕನ ಸೀರೆಯ ಮೇಲೆ ವಾಂತಿಯಾಯಿತು, ಹಿಂದೆಯೇ ಭೇದಿ. ಅಪ್ಪ ಅಮ್ಮ ಮದುವೆಗೆಂದು ಅರಸೀಕೆರೆಗೆ ಹೋಗಿದ್ದರು. ಅಕ್ಕನಿಗೆ ಪರೀಕ್ಷೆಯ ಡ್ಯೂಟಿ. ಇನ್ನೊಂದು ಸೀರೆ ಉಟ್ಟು ಬಾಗಿಲಲ್ಲಿ ನಿಂತವಳು ಹೋಗಲೋ ಬೇಡವೋ ಎಂದು ನನ್ನನ್ನು ನೋಡಿದಳು. ಇಂಥದ್ದನ್ನೆಲ್ಲ ತೀರ್ಮಾನಿಸುವವಳು ಅಜ್ಜಿಯಾದ್ದರಿಂದ ನಾನು ಅಜ್ಜಿಯನ್ನು ನೋಡಿದೆ.

"ಹಲ್ಲು ಬತ್ತಾ ಐತೆ ಕಣವ್ವ," ಅಂದಳು ಅಜ್ಜಿ. "ಹಲ್ಲಿನ ಭೇದಿ ಇದು. ನಿಂಗೂ ಆಗಿತ್ತು, ಇವನಿಗೂ ಆಗಿತ್ತು. ಇಬ್ರೂ ಬದುಕಿಲ್ವಾ?"

"ಇವನು ಬದುಕಿದ್ದು ಯಾರಿಗೆ ಒಳ್ಳೇದಾಯ್ತು," ಎಂದು ಅಕ್ಕ ನನ್ನ ತಲೆಗೆ ಮೊಟಕಿ ಬಸ್ಸಿಗೆ ಓಡಿದಳು. ನಮ್ಮಿಬ್ಬರ ನಡುವೆ ಆ ದಿನದ ಕೊನೆಯ ತಮಾಷೆ ಅದು ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಬಿಸಿಲೇರುವುದರೊಳಗೆ ನಾನು ಒಗೆದು ಹಾಕಿದ ಬಟ್ಟೆಗಳಿಂದ ಹಿತ್ತಿಲ ತಂತಿ ತುಂಬಿತು. ಒಂದು ಒಣಗುವಷ್ಟರಲ್ಲಿ ಇನ್ನೊಂದು. ಕರೆಂಟು ಹೋಗಿತ್ತು. ಜ್ವರದ ಮೈಗೆ ಗಾಳಿ ಸೋಕಬಾರದೆಂದು ಅಜ್ಜಿ ಕಿಟಕಿ ಮುಚ್ಚಿ, ಮಗುವಿಗೆ ಉಲ್ಲನ್ ಟೋಪಿ ಹಾಕಿ, ಕಂಬಳಿ ಸುತ್ತಿದ್ದಳು. ಮಗು ಕಂಬಳಿಯೊಳಗಿನಿಂದ ಕೈ ಹೊರಗೆ ತೆಗೆದು ಅಡಿಗೆಮನೆಯ ನೀರಿನ ಕೊಡದ ಕಡೆ ತೋರಿಸಿತು.

"ಈಯಿ."

ನೀರಿಗೆ ಅದರ ಮಾತು ಅದು. ನಾನು ಲೋಟಕ್ಕೆ ಕೈ ಹಾಕಿದರೆ ಅಜ್ಜಿ ತಡೆದಳು. "ನೀರು ಕುಡಿಸಿದ್ರೆ ನೀರಾಗೇ ಹೋಯ್ತದೆ. ತೂತು ಕೊಡಕ್ಕೆ ಹುಯ್ದಂಗೆ. ಹೊಟ್ಟೆ ಒಣಗ್ಲಿ, ತಾನೇ ನಿಲ್ತದೆ."

ಕೇಳಿದರೆ ಸರಿಯೆನಿಸುವ ಮಾತು. ತೂತು ಕೊಡವನ್ನು ಕಂಡವರಿಗೆ ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ನಾನು ಲೋಟ ಕೆಳಗಿಟ್ಟು ಕಂಡಕ್ಟರಾದೆ. "ಈಯಿ ಬಸ್ಸು ಹಗರೇಲಿ ಕೆಟ್ಟು ನಿಂತಿದೆ ಅಮ್ಮಾ, ಹಿಂದಿನ ಬಸ್ಸಿಗೆ ಬನ್ನಿ." ಮಗು ಮೊದಲ ಸಲ ನಕ್ಕಿತು. ಎರಡನೆಯ ಸಲ ಕೊಡವನ್ನೇ ನೋಡಿತು. ಆಮೇಲೆ ಆ ಬಸ್ಸನ್ನು ಅದು ಕೇಳಲಿಲ್ಲ.

ಊಟದ ಹೊತ್ತಿಗೆ ಅಜ್ಜಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಮಗುವಿಗೆ ಇಳಿ ತೆಗೆದಳು. ಬೀದಿಯವರ ಕಣ್ಣು, ನೆಂಟರ ಕಣ್ಣು, ಹೋದೋರ ಕಣ್ಣು, ಬಂದೋರ ಕಣ್ಣು ಎಂದು ಎಲ್ಲರನ್ನೂ ಕರೆದು, ಕೊನೆಯಲ್ಲಿ ನನ್ನ ಕಡೆ ತಿರುಗಿ "ಅಣಕಿಸೋರ ಬಾಯಿ" ಎಂದೂ ಸೇರಿಸಿದಳು. ಎಲ್ಲವನ್ನೂ ಒಲೆಗೆ ಹಾಕಿದಳು. ಮೆಣಸಿನಕಾಯಿ ಚಟಪಟ ಅಂದಿತೇ ಹೊರತು ಯಾರಿಗೂ ಕೆಮ್ಮು ಬರಲಿಲ್ಲ.

"ನೋಡಿದ್ಯಾ? ಒಂಚೂರೂ ಘಾಟಿಲ್ಲ. ಎಂಥಾ ದೃಷ್ಟಿ ಆಗಿತ್ತು."

"ಮೆಣಸಿನಕಾಯಿ ಹೋದ ವರ್ಷದ್ದು ಅಜ್ಜಿ," ಅಂದೆ. ಆದರೆ ನನ್ನ ದನಿ ಯಾಕೋ ನನ್ನದೇ ಅಣಕದ ಹಾಗೆ ಕೇಳಿಸಿತು.

ಸ್ವಲ್ಪ ಹೊತ್ತಿಗೆ ಮಗುವಿನ ನರಳಾಟ ನಿಂತಿತು. ಭೇದಿಯೂ ನಿಂತಿತು. ಕಂಬಳಿಯೊಳಗೆ ಅದು ಅಲುಗಾಡದೆ ಮಲಗಿತ್ತು. ಅಜ್ಜಿಯ ಮುಖ ಗೆಲುವಾಯಿತು. ನನಗೆ ಮುದ್ದೆ ಬಡಿಸಿದಳು. ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸು ಮಗುವನ್ನು ವಿಚಾರಿಸಲು ಬಂದು ಬಾಗಿಲ ಹತ್ತಿರ ಕೂತಳು.

"ಈಗ ವಾಸಿ ಕಣವ್ವ," ಅಂದಳು ಅಜ್ಜಿ. "ಇಳಿ ತೆಗ್ದೆ, ತಣ್ಣಗೆ ಮಲಗ್ತು."

ಆಕೆ ಬಗ್ಗಿ ಕಂಬಳಿಯೊಳಗೆ ನೋಡಿದಳು. ನೋಡಿ ಸುಮ್ಮನಿರಬಹುದಾಗಿತ್ತು. "ನಮ್ಮ ನಾದಿನಿ ಕೂಸೂ ಹಿಂಗೇ ತಣ್ಣಗೆ ಮಲಗಿತ್ತು ಕಣಜ್ಜಿ," ಅಂದಳು. "ವಾಸಿಯಾಯ್ತು ಅಂತ್ಲೇ ಅಂದ್ಕೊಂಡ್ರು. ಆಮೇಲೆ ಅದು ಏಳ್ಲಿಲ್ಲ."

ಲೊಚ್.

ಇಬ್ಬರೂ ನನ್ನ ಕಡೆ ತಿರುಗಿದರು. ಅಜ್ಜಿಯ ಕೈ ಅಭ್ಯಾಸದಂತೆ ನೆಲದ ಕಡೆ ಹೋಗಿ ನಡುವೆ ನಿಂತಿತು. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ನಾನಾಗಿರಲಿ ಎಂದು ಅವಳು ಬೇಡಿಕೊಳ್ಳುತ್ತಿದ್ದುದು ಕಣ್ಣಿನಲ್ಲಿ ಕಾಣುತ್ತಿತ್ತು. ಅಷ್ಟು ಆಸೆಯಿಂದ ಅಜ್ಜಿ ನನ್ನನ್ನು ಹಿಂದೆಂದೂ ನೋಡಿರಲಿಲ್ಲ.

ನನ್ನ ಬಾಯಿ ತುಂಬ ಮುದ್ದೆಯಿತ್ತು. ಕೆನ್ನೆ ಉಬ್ಬಿದ್ದನ್ನು ಅವಳೂ ಕಂಡಳು. ತುಂಬಿದ ಬಾಯಲ್ಲಿ ಯಾವ ಹಲ್ಲಿಯೂ ಲೊಚಗುಟ್ಟಲಾರದು.

ಮೇಲೆ ಜಂತೆಯ ಸಂದಿಯಲ್ಲಿ ಒಂದು ಬಾಲ ಸರಿದು ಮರೆಯಾಯಿತು.

ನಾನು ಕೈ ತೊಳೆಯದೆಯೇ ಮಗುವಿನ ಹತ್ತಿರ ಹೋದೆ. ಟೋಪಿ ತೆಗೆದೆ. ಕಣ್ಣು ಅರ್ಧ ತೆರೆದಿತ್ತು, ನಿದ್ದೆಯಲ್ಲ ಅದು. ಕಣ್ಣಿನ ಕೆಳಗೆ ಬೆರಳಿಟ್ಟು ಒತ್ತಿದ ಹಾಗೆ ಗುಂಡಿ ಬಿದ್ದಿತ್ತು. ನಾಯಿಯಾದೆ. ಕಂಡಕ್ಟರಾದೆ. ಅದಕ್ಕೆ ಬಲು ಇಷ್ಟವಾದ, ಟಯರು ಪಂಕ್ಚರಾದ ಲೂನಾ ಗಾಡಿ ಆದೆ. ಏನೂ ಇಲ್ಲ. ಕೊನೆಗೆ ಉಳಿದದ್ದು ಒಂದೇ. ಅದರ ಕಿವಿಯ ಹತ್ತಿರ ಬಾಯಿಟ್ಟು, ಉಸಿರು ಹಿಡಿದು, ತುಟಿ ಹೊರಗೆ ಮಾಡಿ ಅದರ ಅಳುವನ್ನು ಪೂರ್ತಿ ಅತ್ತೆ.

ಬೆನ್ನ ಹಿಂದೆ ಅಜ್ಜಿ "ಬ್ಯಾಡ ಕಣೋ" ಅಂದಳು, ಮೆಲ್ಲಗೆ.

ಮಗು ಹೊಡೆಯಲಿಲ್ಲ. ಸಿಟ್ಟಾಗಲೂ ಇಲ್ಲ. ಬಾಯಿ ತೆರೆಯಿತು. ನಾಲಿಗೆ ಒಣಗಿ ಹಲಗೆಯಾಗಿತ್ತು. ಬಂದದ್ದು ಅಳುವಲ್ಲ, ದೂರದಲ್ಲಿ ಎಲ್ಲೋ ಸಿಕ್ಕಿಕೊಂಡ ಬೆಕ್ಕಿನ ಮರಿಯ ಸದ್ದು. ಅದರಲ್ಲಿ ಏರಿಕೆಯಿಲ್ಲ, ಮುರಿತವಿಲ್ಲ, ಎಳೆತವಿಲ್ಲ. ಕಣ್ಣಲ್ಲಿ ನೀರೂ ಇಲ್ಲ. ಈ ಮಗುವಿನ ಅಳು ಈಗ ಈ ಮನೆಯಲ್ಲಿ ನನ್ನ ಗಂಟಲಿನಲ್ಲಿ ಮಾತ್ರ ಇದೆ ಅನ್ನಿಸಿತು. ಕಂಬಳಿ ಬಿಚ್ಚಿ ಅದನ್ನು ಹೆಗಲಿಗೆ ಎತ್ತಿಕೊಂಡೆ.

"ಅಜ್ಜಿ, ಅಳು ಸರಿಯಿಲ್ಲ," ಅಂದೆ.

ಬೇರೆ ದಿನವಾಗಿದ್ದರೆ 'ಅಳೂಗೂ ಪರೀಕ್ಷೆ ಇಕ್ತೀಯಾ' ಎಂದು ಕೇಳುತ್ತಿದ್ದಳು. ಅಂದು ಸೆರಗು ಬಿಗಿದು ನನ್ನ ಹಿಂದೆ ಬರಿಗಾಲಲ್ಲಿ ಹೊರಟಳು.

ಕೆರೆ ಕಡೆಯಿಂದ ಬಿಸಿಗಾಳಿ ಬೀಸುತ್ತಿತ್ತು. ಅಂಗಡಿಗಳು ಅರ್ಧ ಬಾಗಿಲು ಎಳೆದು ಮಲಗಿದ್ದವು. ಚಾ ಅಂಗಡಿಯ ಬೆಂಚಿನಲ್ಲಿ ಕೂತಿದ್ದ ನನ್ನ ಗೆಳೆಯನೊಬ್ಬ "ಏನ್ಲಾ, ಇವತ್ತು ಬಾಣಂತಿ ವೇಷನಾ?" ಎಂದು ಕೂಗಿದ. ನಾನು ನಿಲ್ಲದ್ದನ್ನು ಕಂಡು ಅವನು ಎದ್ದು ನಿಂತ. ಹೆಗಲ ಮೇಲೆ ಮಗುವಿನ ತಲೆ ನನ್ನ ಒಂದೊಂದು ಹೆಜ್ಜೆಗೂ ಆಚೀಚೆ ವಾಲುತ್ತಿತ್ತು.

ಬಸ್‌ಸ್ಟ್ಯಾಂಡಿನ ಹತ್ತಿರದ ಡಾಕ್ಟರು ಊಟ ಮುಗಿಸಿ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಅವರು ಸ್ಟೆತಾಸ್ಕೋಪು ಇಟ್ಟು 'ಹೂಂ, ಹೂಂ' ಅನ್ನುವುದನ್ನು ನಾನು ಮಾಡುತ್ತೇನೆಂಬುದು ಅವರಿಗೂ ಗೊತ್ತಿತ್ತು. "ಬಾರಯ್ಯ, ಇವತ್ತು ಯಾರ ದನಿ?" ಅನ್ನುತ್ತಲೇ ಕಣ್ಣು ಬಿಟ್ಟವರು ಮಗುವನ್ನು ನೋಡಿ ಎದ್ದರು. ಬೆಂಚಿನ ಮೇಲೆ ಮಲಗಿಸಿ, ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಿಟ್ಟರು. ಚರ್ಮ ಹಿಂದಕ್ಕೆ ಹೋಗಲಿಲ್ಲ. ಮಡಿಸಿಟ್ಟ ಬಟ್ಟೆಯ ಹಾಗೆ ಹಾಗೇ ನಿಂತು, ಆಮೇಲೆ ನಿಧಾನಕ್ಕೆ ಇಳಿಯಿತು. 'ಹೂಂ' ಅನ್ನಲಿಲ್ಲ ಅವರು.

"ನೀರೇನಾದ್ರೂ ಕೊಟ್ರಾ?"

"ಇಲ್ಲ ಸ್ವಾಮಿ," ಅಂದಳು ಅಜ್ಜಿ. "ಬೆಳಗ್ಗಿಂದ ಒಂದು ಹನೀನೂ ಕೊಟ್ಟಿಲ್ಲ. ಎಷ್ಟು ಕೇಳ್ತು, ನಾನು ಬಿಡ್ಲಿಲ್ಲ."

ಒಳ್ಳೆಯ ಮಾರ್ಕು ಬರುವ ಉತ್ತರ ಹೇಳಿದ ಮಗುವಿನ ಹಾಗೆ ಅವಳು ನಿಂತಿದ್ದಳು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅಮ್ಮ, ಕೂಸು ಒಣಗಿಹೋಗಿದೆ," ಎಂದಷ್ಟೇ ಹೇಳಿ ಕಪಾಟಿನಿಂದ ಉಪ್ಪು ಸಕ್ಕರೆಯ ಪುಡಿಯ ಪೊಟ್ಟಣ ತೆಗೆದು, ಕಾಯಿಸಿ ಆರಿಸಿದ ನೀರಿಗೆ ಬೆರೆಸಿದರು. "ಚಮಚದಲ್ಲಿ ಹಾಕ್ತಾ ಇರಿ. ವಾಂತಿ ಮಾಡಿದ್ರೆ ಸ್ವಲ್ಪ ತಡೆದು ಮತ್ತೆ ಹಾಕಿ. ಉಚ್ಚೆ ಹೊಯ್ದ್ರೆ ನಂಗೆ ಹೇಳಿ. ಹೊತ್ತು ಮುಳುಗೋದರೊಳಗೆ ಹೊಯ್ಲಿಲ್ಲ ಅಂದ್ರೆ ಹಾಸನಕ್ಕೆ ಹೊರಡ್ಬೇಕು. ಕಾರಿಗೆ ಹೇಳಿರ್ತೀನಿ."

ಕೊನೆಯದಾಗಿ ಉಚ್ಚೆ ಹೊಯ್ದದ್ದು ಯಾವಾಗ ಎಂದು ಕೇಳಿದರು. ಬೆಳಗ್ಗಿಂದ ಒಗೆದ ಬಟ್ಟೆಗಳನ್ನೆಲ್ಲ ನಾನು ಮನಸ್ಸಿನಲ್ಲೇ ಎಣಿಸಿದೆ, ಒಂದರಲ್ಲೂ ಬರೀ ಉಚ್ಚೆಯಿದ್ದದ್ದು ನೆನಪಾಗಲಿಲ್ಲ.

ಮೊದಲು ಕುಡಿಸಿದ್ದೆಲ್ಲ ಹೊರಗೆ ಬಂತು. ಕಾದೆವು. ಮತ್ತೆ ಹಾಕಿದೆವು. ನನ್ನ ಮಡಿಲಲ್ಲಿ ಮಗು, ಪಕ್ಕದಲ್ಲಿ ಅಜ್ಜಿ. ಅವಳೇ ಚಮಚ ಇಸ್ಕೊಂಡಳು. ಅರ್ಧ ನೀರು ಮಗುವಿನ ಕುತ್ತಿಗೆಗೆ ಹರಿಯುತ್ತಿತ್ತು. ಆದರೂ ನನಗೆ ಕೊಡಲಿಲ್ಲ. ಒಂದೊಂದು ಚಮಚಕ್ಕೂ ನಾನು ಕಂಡಕ್ಟರ ದನಿಯಲ್ಲಿ "ಈಯಿ ಬಸ್ಸು ಬಂತು, ಹತ್ತಿ, ರೈಟ್" ಅನ್ನುತ್ತಿದ್ದೆ. ಒಮ್ಮೆ ನಾನು ನಿಲ್ಲಿಸಿದ್ದಕ್ಕೆ ಅಜ್ಜಿ ತಲೆಯೆತ್ತದೆ "ಹೇಳೋ" ಅಂದಳು.

ಬಿಳಿ ಅಂಬಾಸಿಡರ್ ಕಾರು ಬಂದು ಬಾಗಿಲ ಮುಂದೆ ನಿಂತಿತು. ಡ್ರೈವರು ಹಿಂದಿನ ಬಾಗಿಲು ತೆರೆದಿಟ್ಟು ಬೀಡಿ ಹಚ್ಚಿದ. ಆ ತೆರೆದ ಬಾಗಿಲು ನಾವು ಕೂತಲ್ಲಿಗೆ ಕಾಣುತ್ತಿತ್ತು. ಬಿಸಿಲು ಅದರ ಸೀಟಿನಿಂದ ಇಳಿದು, ನೆಲಕ್ಕೆ ಬಂದು, ರಸ್ತೆಯ ಆಚೆಗೆ ಹೋಯಿತು. ಡಾಕ್ಟರು ಬೇರೆ ರೋಗಿಗಳ ನಡುವೆ ಬಂದು ಮಗುವಿನ ಚಡ್ಡಿ ಮುಟ್ಟಿ ನೋಡಿ ಹೋಗುತ್ತಿದ್ದರು. ಒಣಗಿತ್ತು. ಮತ್ತೆ ಬಂದರು. ಒಣಗಿತ್ತು.

ಬೇಲೂರು ಬಸ್ಸಿನಿಂದ ಇಳಿದ ಅಕ್ಕನಿಗೆ ಯಾರೋ ಹೇಳಿರಬೇಕು. ಓಡಿಬಂದಳು. ಬಾಗಿಲಲ್ಲಿ ಕಾರು ಕಂಡು, ಅಲ್ಲಿಂದ ಒಳಗೆ ಕಾಲಿಡಲಾರದೆ ಚೌಕಟ್ಟು ಹಿಡಿದು ನಿಂತಳು.

ಮಗು ತಲೆ ಹೊರಳಿಸಿತು. ಉಸಿರು ಹಿಡಿಯಿತು. ಕೆಳತುಟಿ ಹೊರಗೆ ಬಂತು. ಸದ್ದಿಲ್ಲದ ಆ ಒಂದು ಕ್ಷಣ ಬಂತು. ಅಷ್ಟು ಉದ್ದದ ಕ್ಷಣವನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಆಮೇಲೆ 'ಆಂ' ಎಂದಿತು. ಒಡಕು ದನಿ, ಆದರೆ ಮೇಲೇರುತ್ತಿತ್ತು.

ಅಜ್ಜಿ ಚಮಚ ಹಿಡಿದೇ ನನ್ನ ಮುಖ ನೋಡಿದಳು. "ಇದು ಸರಿ ಐತೇನೋ?"

ನಾನು ಕೇಳಿಸಿಕೊಂಡೆ. ನಡುವೆ ಮುರಿಯಿತು. ಕೊನೆಯ ಎಳೆತಕ್ಕೆ ಕಾದೆ. ಅದು ಬರುವ ಮೊದಲೇ ನನ್ನ ಪಂಚೆ ಬೆಚ್ಚಗಾಯಿತು. ಸ್ವಲ್ಪವೇ, ಅಂಗೈಯಗಲ. ಅಜ್ಜಿ ಕೈಯಿಟ್ಟು ಮುಟ್ಟಿದಳು, ಕೈ ತೆಗೆಯದೆ ಹಾಗೇ ಕೂತಳು. ಡಾಕ್ಟರು ಬಂದು ನೋಡಿ, ಆ ದಿನದಲ್ಲಿ ಮೊದಲ ಸಲ 'ಹೂಂ' ಅಂದರು. ಕಾರು ಮಾತ್ರ ಇನ್ನೂ ಸ್ವಲ್ಪ ಹೊತ್ತು ನಿಂತಿರಲಿ ಎಂದರು.

ಅಕ್ಕ ಮಗುವನ್ನು ಎತ್ತಿಕೊಂಡಳು. ಅಜ್ಜಿ ಗೋಡೆಗೆ ಒರಗಿದಳು. "ಉಳೀತದೆ ಕಣೋ," ಅಂದಳು. ಅಂದವಳು ಮೇಲೆ ನೋಡಿದಳು. ಆಸ್ಪತ್ರೆಯ ಟ್ಯೂಬ್‌ಲೈಟಿನ ಪಕ್ಕದಲ್ಲಿ ಒಂದು ಹಲ್ಲಿಯಿತ್ತು. ಹುಳಕ್ಕಾಗಿ ಕಾಯುತ್ತಾ ಕಲ್ಲಿನ ಹಾಗೆ ಕೂತಿತ್ತು. ಅವಳು ಕಾದಳು. ಅದು ಬಾಯಿ ಬಿಡಲಿಲ್ಲ.

ನಾನು ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಲೊಚ್ ಅಂದೆ.

ಅಜ್ಜಿ ನನ್ನ ಕಡೆ ತಿರುಗಲಿಲ್ಲ. ಬೆಂಚನ್ನು ಬೆರಳಿನಿಂದ ತಟ್ಟಿ, "ಶಿವ ಶಿವಾ" ಅಂದಳು.