ಮಾತಾಡದೆ ಕಿತ್ತ ನೆಲನೆಲ್ಲಿ

ಹಿತ್ತಲ ಬಾಗಿಲು ತೆಗೆದರೆ, ನಸುಕಿನಲ್ಲಿ ಹೆಂಗಸೊಬ್ಬಳು ನನ್ನ ನೆಲನೆಲ್ಲಿ ಪಾತಿಯಲ್ಲಿ ಕೂತು ಗಿಡಗಳನ್ನು ಬೇರುಸಮೇತ ಕೀಳುತ್ತಿದ್ದಳು. ಯುದ್ಧ ಶುರುವಾದ ಮೇಲೆ ಸೀಮೆಎಣ್ಣೆ ಸಿಗದೆ ನಮ್ಮ ಲಾಟೀನು ಮೂಲೆ ಸೇರಿದೆ; ಮುಖ ಕಾಣಲಿಲ್ಲ. "ಯಾರಮ್ಮಾ ಅದು?" ಎಂದೆ. ಆಕೆ ತಲೆಯೆತ್ತದೆ ಕೀಳುತ್ತಲೇ ಇದ್ದಳು. ನಮ್ಮ ಮದ್ದೂರಿನಲ್ಲಿ ಹಿತ್ತಲ ಬೇಲಿ ಯಾರಿಗೂ ಲೆಕ್ಕಕ್ಕಿಲ್ಲ, ಅದು ಗೊತ್ತಿದ್ದದ್ದೇ. ಆದರೆ ಕೇಳಿದ್ದಕ್ಕೆ ಜವಾಬೂ ಇಲ್ಲವೆಂದರೆ? ಹೋಗಿ ಸೆರಗು ಹಿಡಿದು, "ಬಾಯಿಲ್ವೇನೇ ನಿಂಗೆ?" ಎಂದು ರೇಗಿದೆ.

ಕಿತ್ತದ್ದನ್ನೆಲ್ಲ ಆಕೆ ನನ್ನ ಕಾಲ ಬುಡಕ್ಕೆ ಎಸೆದಳು. "ಮಾತಾಡ್ಸಿ ಕೆಡಿಸ್ಬುಟ್ರಲ್ಲವ್ವಾ! ಮದ್ದು ಕಿತ್ಕೊಂಡು ಮನೆ ಸೇರೋಗಂಟ ತುಟಿ ಬಿಚ್ಬಾರ್ದು ಅಂತ ಗೊತ್ತಿಲ್ವಾ? ನಮ್ಮ ಕೂಸ್ಗೆ ಅರಿಸಿನ ಕಾಮಾಲೆ ಕಣವ್ವಾ. ಇನ್ನ ನಾಳೀಕೇ ಬರ್ಬೇಕು!" ಎಂದು ನನ್ನನ್ನೇ ಬೈದು ಹೊರಟುಹೋದಳು.

ಮಾರನೆಯ ದಿನದಿಂದ ನಾನೇ ಬಾಯಿ ಹೊಲಿದುಕೊಂಡು ಬಾಗಿಲಲ್ಲಿ ನಿಂತೆ. "ಯಾರೇ ಅದು?" ಎಂದು ಎದ್ದು ಬಂದ ಯಜಮಾನರ ಬಾಯನ್ನೂ ಕೈಯಡ್ಡ ಹಿಡಿದು ಮುಚ್ಚಿದೆ. ಆಕೆ ದಿನಾ ಬಂದಳು, ಕಿತ್ತಳು, ಹೋದಳು. ಕೂಸು ಹೇಗಿದೆ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲೇ ಉಳಿಯಿತು. ಒಂದು ಬೆಳಗ್ಗೆ ಆಕೆ ಬರಲಿಲ್ಲ. ಆಮೇಲೆ ಬರಲೇ ಇಲ್ಲ.

ಪಾತಿ ಮತ್ತೆ ತುಂಬಿಕೊಂಡಿದೆ. ಆಕೆಯ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಯಾರನ್ನು ಹೋಗಿ ಕೇಳಲಿ? ಮದ್ದು ಕೀಳುವಾಗ ಮಾತಾಡಬಾರದು, ಸರಿ, ಒಪ್ಪಿದೆ. ಕೂಸು ಎದ್ದು ಓಡಾಡುತ್ತಿದೆ ಎಂದು ಒಂದು ಮಾತು ಹೇಳಿಹೋಗುವುದಕ್ಕೆ ಏನು ಅಡ್ಡಿ, ಮಹಾತಾಯಿ?